ಗೋದಾವರಿ ಸ್ನಾನಕ್ಕೆ ಹೋದ ರಬ್ಬರ್

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ವರದಿಗೆ ನಾನು ಸಹಿ ಹಾಕಲಿಲ್ಲ. ಹಾಕಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುವ ಕೆಲಸ. ಹಾಕದೆ ಇದ್ದುದಕ್ಕೆ ವಾರಗಟ್ಟಲೆ ಹಿಡಿಯಿತು. ಈಗಲೂ ಆಫೀಸಿನಲ್ಲಿ ಕೆಲವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ.

ನಮ್ಮ ಕಂಪನಿ ಬ್ರೇಕ್ ಕಿಟ್ ಮಾರುತ್ತದೆ. ಶಾಲೆಯ ವ್ಯಾನು, ಟೆಂಪೊ, ಸಣ್ಣ ಬಸ್ಸುಗಳ ಚಕ್ರದ ಬಳಿ ಬ್ರೇಕ್ ಆಯಿಲ್ ತುಂಬಿದ ಒಂದು ಸಿಲಿಂಡರ್ ಇರುತ್ತದೆ. ಅದರೊಳಗೆ ಹೆಬ್ಬೆರಳ ತುದಿಯಷ್ಟು ಒಂದು ರಬ್ಬರ್ ಕಪ್. ಚಾಲಕ ಬ್ರೇಕ್ ತುಳಿದಾಗ ಆಯಿಲ್ ಸೋರದಂತೆ ತಡೆಯುವುದು ಆ ಕಪ್ಪೇ. ರಬ್ಬರ್ ಪೆಟ್ಟಿಗೆಯಲ್ಲಿ ಸುಮ್ಮನೆ ಕೂತರೂ ಅದಕ್ಕೆ ಮುಪ್ಪು ಬರುತ್ತದೆ. ಹಾಗಾಗಿ ನಮ್ಮಲ್ಲಿ ಒಂದು ನಿಯಮ, ಗೋದಾಮಿನ ಗೋಡೆಯ ಮೇಲೂ ಬರೆದದ್ದು: ಅಚ್ಚಿನಿಂದ ಹೊರಬಂದ ದಿನದಿಂದ ಐದು ವರ್ಷ ತುಂಬುವ ಮೊದಲು ಅದು ಗಿರಾಕಿಯ ಕೈ ಸೇರಬೇಕು. ತುಂಬಿದರೆ ಗುಜರಿಗೆ.

ಗೋದಾಮು ಎರಡು. ಒಂದು ನಾನು ಕೂರುವ ಸಂಭಾಜಿನಗರದಲ್ಲಿ, ಇನ್ನೊಂದು ನಾಶಿಕ್‌ನಲ್ಲಿ. ನಾಶಿಕ್‌ನದು ನಾವು ಆಮೇಲೆ ಕೊಂಡ ಬೇರೊಂದು ಕಂಪನಿಯ ಗೋದಾಮು. ಅದರ ಜೊತೆಗೆ ಅದರ ಸಾಫ್ಟ್‌ವೇರೂ ಬಂತು. ಹೀಗಾಗಿ ಎರಡು ಊರಿಗೆ ಎರಡು ಬಗೆಯ ಡೇಟಾಬೇಸ್. ಎರಡನ್ನೂ ನೋಡಿಕೊಳ್ಳುವವಳು ನಾನು. ನಾನು ಈ ಕುರ್ಚಿಗೆ ಬರುವ ಮೊದಲೇ ಅವುಗಳ ಕ್ವೆರಿಗಳೆಲ್ಲ, ಅಂದರೆ ಡೇಟಾಬೇಸಿಗೆ ಪ್ರಶ್ನೆ ಕೇಳುವ ಸಾಲುಗಳೆಲ್ಲ, ಬರೆದು ಮುಗಿದಿದ್ದವು. ಸರಕಿನ ವಯಸ್ಸನ್ನು ಲೆಕ್ಕ ಹಾಕಿ, ಹಳೆಯದಾದರೆ ಬಿಲ್ ಆಗದಂತೆ ಬೀಗ ಹಾಕುವುದು ಅವುಗಳ ಕೆಲಸ.

ಸಂಭಾಜಿನಗರದ ಸ್ಟೋರ್ ಕೀಪರ್ ಕಲಬುರಗಿ ಕಡೆಯವರು. ನಿವೃತ್ತಿ ಹತ್ತಿರದಲ್ಲಿದ್ದ ಆಸಾಮಿ, ಹಣೆ ತುಂಬ ವಿಭೂತಿ, ಬಾಯಿ ತುಂಬ ಕುಚೋದ್ಯ. ನಾನು ಬೀದರ್ ಕಡೆಯವಳು. ಮರಾಠಿ ಹಿಂದಿ ನಡುವೆ ಕನ್ನಡ ಕಿವಿಗೆ ಬಿದ್ದರೆ ಸಾಕು ಎನ್ನುವ ಹಾಗಿದ್ದ ನನಗೆ ಅವರು ಬೇಗ ಕಾಕಾ ಆದರು. ನಾನು ಅವರಿಗೆ ತಂಗಿ.

ಕಾಕಾ ಪ್ರತಿ ಡಿಸೆಂಬರ್ ಕೊನೆಗೆ ಒಂದು ಲಾರಿ ತುಂಬಿಸುತ್ತಿದ್ದರು. ಜನವರಿ ಒಂದಕ್ಕೆ ನಮ್ಮ ಸಂಭಾಜಿನಗರದ ಸಾಫ್ಟ್‌ವೇರ್ ಒಂದಷ್ಟು ಸರಕನ್ನು ಒಮ್ಮೆಲೇ ಐದು ವರ್ಷದ್ದು ಎಂದು ಬೀಗ ಹಾಕಿಬಿಡುತ್ತಿತ್ತು. ಅದೇ ಪೆಟ್ಟಿಗೆಗಳನ್ನು ಅದಕ್ಕೆ ಮೊದಲು ನಾಶಿಕ್‌ಗೆ ಕಳಿಸಿದರೆ ಅಲ್ಲಿನ ಪರದೆಯ ಮೇಲೆ ನಾಲ್ಕು ವರ್ಷ ಎಂದೇ ತೋರಿಸುತ್ತಿತ್ತು. ಲಾರಿ ನಡುದಾರಿಯ ಯೇವಲಾ ದಾಟುವಷ್ಟರಲ್ಲಿ ರಬ್ಬರಿಗೆ ಒಂದು ವರ್ಷ ಕಡಿಮೆ! ನಾಶಿಕ್ ಗೋದಾವರಿ ದಂಡೆಯ ಊರಾದ್ದರಿಂದ ಕಾಕಾ ಇದಕ್ಕೆ ಗೋದಾವರಿ ಸ್ನಾನ ಎಂದು ಹೆಸರಿಟ್ಟಿದ್ದರು.

"ಪಾಪ ತೊಳಕೊಂಡು ಸಣ್ಣವು ಆಗಿ ಕೂಡ್ತಾವ ನೋಡ ತಂಗಿ. ನನ್ನೂ ಒಂದ್ ಪೆಟ್ಟಿಗ್ಯಾಗ ಹಾಕಿ ಕಳಿಸಿದ್ರ ರಿಟೈರ್‌ಮೆಂಟ್ ಮುಂದ ಹೋಗ್ತಿತ್ತು," ಎನ್ನುತ್ತಿದ್ದರು.

ಎಲ್ಲರೂ ನಗುತ್ತಿದ್ದರು. ನಾಶಿಕ್‌ನಲ್ಲಿ ಕೂರುವ ನಮ್ಮ ಜನರಲ್ ಮ್ಯಾನೇಜರ್ ಸಾಹೇಬರೇ ಡಿಸೆಂಬರ್ ಬಂದರೆ ಫೋನ್ ಮಾಡಿ "ಸ್ನಾನದ ಗಾಡಿ ಹೊರಟಿತೇ?" ಎಂದು ಕೇಳುತ್ತಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ. ಸಾಹೇಬರು ಮಾತ್ರ ಅದನ್ನು ಮರೆತುಬಿಟ್ಟರು.

ಗಣಪತಿ ಹಬ್ಬ ಮುಗಿದ ವಾರ ನಾಶಿಕ್‌ನ ಒಂದು ಗ್ಯಾರೇಜಿನವನು ಒಡೆದ ರಬ್ಬರ್ ಕಪ್ ಹಿಡಿದುಕೊಂಡು ಗೋದಾಮಿಗೆ ಬಂದ. ಮಕ್ಕಳನ್ನು ಇಳಿಸಿ ಖಾಲಿ ಬರುತ್ತಿದ್ದ ಶಾಲೆಯ ವ್ಯಾನೊಂದರ ಬ್ರೇಕು ಇಳಿಜಾರಿನಲ್ಲಿ ಹಿಡಿದಿರಲಿಲ್ಲ. ಚಾಲಕ ಹ್ಯಾಂಡ್‌ಬ್ರೇಕ್ ಎಳೆದು, ಕಾಂಪೌಂಡ್ ಗೋಡೆಗೆ ಉಜ್ಜಿ ನಿಲ್ಲಿಸಿದ್ದ. ಯಾರಿಗೂ ಪೆಟ್ಟಾಗಿರಲಿಲ್ಲ. ಕಿಟ್ ಹಾಕಿಸಿ ಇನ್ನೂ ವಾರವೂ ಆಗಿರಲಿಲ್ಲವಂತೆ. ಪೆಟ್ಟಿಗೆಯ ಮೇಲಿನ ಲಾಟ್ ನಂಬರ್, ಅಂದರೆ ಒಟ್ಟಿಗೆ ಅಚ್ಚಾದ ಕಂತಿನ ಸಂಖ್ಯೆ, ನೋಡಿದರೆ, ಅದು ಹಿಂದೊಮ್ಮೆ ಸಂಭಾಜಿನಗರದಿಂದ ಸ್ನಾನಕ್ಕೆ ಹೋಗಿದ್ದ ಲಾಟು.

ಮೂರನೆಯ ದಿನಕ್ಕೆ ಕಾಕಾನ ಕೈಗೆ ನೋಟಿಸ್ ಬಂತು. ಅವಧಿ ಮುಗಿದ ಸರಕನ್ನು ಗೊತ್ತಿದ್ದೂ ನಾಶಿಕ್‌ಗೆ ಸಾಗಿಸಿದ್ದಕ್ಕೆ ನಿಮ್ಮನ್ನು ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಅದರ ಸಾರ. ಸಾಹೇಬರು ನನಗೂ ಫೋನ್ ಮಾಡಿದರು. ಅವರು ಮಾತಾಡುವುದು ಮರಾಠಿ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸಾಗಿಸಿದಾಗ ಆ ಲಾಟಿಗೆ ಎಷ್ಟು ವಯಸ್ಸಾಗಿತ್ತು ಅಂತ ಒಂದು ವರದಿ ತೆಗೆದು ಸಹಿ ಹಾಕಿ ಕಳಿಸಿ ಮ್ಯಾಡಮ್. ಒಂದೇ ಸಾಲು ಸಾಕು."

ಕ್ವೆರಿ ಓಡಿಸಿದೆ. ಪರದೆಯ ಮೇಲೆ ಐದು ಎಂದು ಬಂತು. ಐದು ಅಂದರೆ ನಿಯಮ ಮುರಿದಂತೆ. ಕಾಕಾ ಸಿಕ್ಕಿಬಿದ್ದಂತೆ.

ನಾನು ಆ ಐದನ್ನು ನಂಬಿ ಸಹಿ ಹಾಕುವವಳೇ. ಆದರೆ ಪಕ್ಕದ ಎರಡು ಅಂಕಣಗಳು ಕಣ್ಣಿಗೆ ಬಿದ್ದವು. ಅಚ್ಚಿನ ದಿನ ನವೆಂಬರ್ ಕೊನೆಯದು. ನಾಶಿಕ್ ಗೋದಾಮಿನಲ್ಲಿ ಸರಕು ಜಮಾ ಆದ ದಿನ ಜನವರಿ ಮೊದಲ ವಾರದ್ದು. ಬೆರಳು ಮಡಚಿ ಎಣಿಸಿದೆ. ನಾಲ್ಕು ವರ್ಷದ ಮೇಲೆ ಒಂದು ತಿಂಗಳು ಚಿಲ್ಲರೆ. ಐದು ಎಲ್ಲಿಂದ ಬಂತು?

ಡೇಟ್‌ಡಿಫ್ ಎಂಬ ಫಂಕ್ಷನ್‌ನಿಂದ ಬಂತು. ಎರಡು ದಿನಾಂಕ ಕೊಟ್ಟು ನಡುವೆ ಎಷ್ಟು ವರ್ಷ ಎಂದು ಕೇಳಿದರೆ ನಮ್ಮ ಸಂಭಾಜಿನಗರದ ಡೇಟಾಬೇಸ್ ತುಂಬಿದ ವರ್ಷಗಳನ್ನು ಎಣಿಸುವುದೇ ಇಲ್ಲ. ನಡುವೆ ಎಷ್ಟು ಸಲ ಜನವರಿ ಒಂದು ಬಂತು ಎಂದಷ್ಟೇ ಎಣಿಸುತ್ತದೆ. ಡಿಸೆಂಬರ್ ಮೂವತ್ತೊಂದರ ಸಂಜೆ ಹುಟ್ಟಿದ ಕೂಸು ಮರುದಿನ ಬೆಳಿಗ್ಗೆ ಅದರ ಪಾಲಿಗೆ ಒಂದು ವರ್ಷದ್ದು. ಇದು ದೋಷವಲ್ಲ. ಆ ಫಂಕ್ಷನ್ ಇರುವುದೇ ಹಾಗೆ, ಅದರ ಕೈಪಿಡಿಯಲ್ಲೂ ಹಾಗೆಯೇ ಬರೆದಿದೆ. ಅದನ್ನು ವಯಸ್ಸು ಎಂದು ತಿಳಿದು ನಿಯಮಕ್ಕೆ ಕಟ್ಟಿಹಾಕಿದ್ದು ಮನುಷ್ಯರ ತಪ್ಪು.

ಕಾಕಾ ಸರಕು ಕಳಿಸಿದ್ದು ಡಿಸೆಂಬರ್‌ನಲ್ಲಿ. ಹೊಸ ವರ್ಷದ ರಜೆ ಮುಗಿಸಿ ನಾಶಿಕ್‌ನವರು ಜಮಾ ಮಾಡಿಕೊಂಡದ್ದು ಜನವರಿಯಲ್ಲಿ. ವರದಿ ಹಿಡಿದದ್ದು ಜಮಾ ಆದ ದಿನವನ್ನು. ನಡುವೆ ಇದ್ದ ಆ ಜನವರಿ ಒಂದನೆಯ ತಾರೀಖು ಕಾಕಾನ ಕುತ್ತಿಗೆಗೆ ಬಂದಿತ್ತು.

ಹಾಗಾದರೆ ವ್ಯಾನಿಗೆ ಹಳೆಯ ರಬ್ಬರ್ ಹೋದದ್ದು ಹೇಗೆ? ನಾಶಿಕ್‌ನ ಕ್ವೆರಿ ತೆರೆದೆ. ಅಲ್ಲಿನ ಡೇಟಾಬೇಸಿನ ಫಂಕ್ಷನ್ ಬೇರೆ, ಟೈಮ್‌ಸ್ಟಾಂಪ್‌ಡಿಫ್. ಅದು ತುಂಬಿದ ವರ್ಷವನ್ನೇ ಎಣಿಸುತ್ತದೆ, ಚಿಲ್ಲರೆ ತಿಂಗಳುಗಳನ್ನು ಬಿಸಾಕುತ್ತದೆ. ಲೆಕ್ಕ ಸರಿ. ಆದರೆ ಬೀಗ ಹಾಕುವ ಸಾಲಿನಲ್ಲಿ ವಯಸ್ಸು ಐದಕ್ಕಿಂತ ಹೆಚ್ಚಾದರೆ ಎಂದು ಬರೆದಿತ್ತು. ಐದು ಆದರೆ ಎಂದಲ್ಲ. ಐದು ವರ್ಷ ಹತ್ತು ತಿಂಗಳು ಆದರೂ ಆ ಫಂಕ್ಷನ್ ಐದು ಎಂದೇ ಹೇಳುತ್ತದೆ. ಐದು, ಐದಕ್ಕಿಂತ ಹೆಚ್ಚಲ್ಲವಲ್ಲ? ಬೀಗ ಬೀಳಲಿಲ್ಲ. ಆರು ತುಂಬುವವರೆಗೂ ಬೀಳುತ್ತಿರಲಿಲ್ಲ. ಇಲ್ಲಿನ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಮಗುವಿಗೆ ಟಿಕೆಟ್ ತಪ್ಪಿಸಲು ತಾಯಂದಿರು "ಇನ್ನೂ ಐದೇ" ಎಂದು ವರ್ಷವಿಡೀ ಹೇಳುತ್ತಾರಲ್ಲ, ಅದೇ ಜಾಣತನ.

ಆ ಸಾಲಿನ ಪಕ್ಕದಲ್ಲಿ ಯಾರ ಸೂಚನೆಯ ಮೇರೆಗೆ ಬದಲಿಸಲಾಯಿತು ಎಂಬ ಟಿಪ್ಪಣಿಯೂ ಇತ್ತು. ಜನರಲ್ ಮ್ಯಾನೇಜರ್ ಎಂಬ ಹುದ್ದೆಯ ಹೆಸರು. ಕೇಡು ಮಾಡಬೇಕೆಂದು ಬದಲಿಸಿದ್ದಾರೆ ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಐದು ಅಂದರೆ ಐದು, ದಾಟಿಲ್ಲವಲ್ಲ ಎಂದುಕೊಂಡಿರಬೇಕು. ತಪ್ಪು ಯಾರಿಂದಲೂ ಆಗುತ್ತದೆ. ಆದರೆ ತನ್ನ ತಪ್ಪಿಗೆ ಇನ್ನೊಬ್ಬನ ತಲೆ ಹುಡುಕುವುದು ನನಗೆ ಮೈ ಉರಿಸುತ್ತದೆ.

ಸಾಹೇಬರಿಗೆ ವಿಡಿಯೊ ಕಾಲ್ ಮಾಡಿದೆ. ಅವರ ತಲೆಯ ಹಿಂದೆ ಕಪಾಟಿನ ಮೇಲೆ ಒಂದು ಹಿತ್ತಾಳೆಯ ಗಡಿಯಾರ ಸದಾ ಕಾಣುತ್ತದೆ. ಹತ್ತು ವರ್ಷದ ಸೇವೆಗಾಗಿ ಈ ಜನವರಿ ಇಪ್ಪತ್ತಾರರಂದು ಕಂಪನಿ ಕೊಟ್ಟದ್ದು. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಆ ಗಡಿಯಾರವನ್ನೇ ನೋಡುತ್ತ ಎರಡೂ ಕ್ವೆರಿಗಳ ಕಥೆ ಹೇಳಿದೆ.

"ಎರಡೂ ಆಡಿಟ್‌ನಲ್ಲಿ ಪಾಸಾಗಿವೆ. ಕಂಪ್ಯೂಟರ್ ಐದು ಅಂತ ಹೇಳಿದೆ ತಾನೆ? ನಿಮ್ಮ ಬೆರಳೆಣಿಕೆ ನನಗೆ ಬೇಡ," ಎಂದರು.

"ಹಾಗಾದರೆ ನನ್ನ ಸಹಿಯೂ ಬೇಡ ಸರ್," ಎಂದೆ.

ಆಮೇಲೆ ಅವರು ಪುಣೆಯ ಕನ್ಸಲ್ಟಂಟ್ ಒಬ್ಬರನ್ನು ಕರೆಸುವುದಾಗಿಯೂ, ನನ್ನ ಲೆಕ್ಕವನ್ನು ಅವರ ಮುಂದೆ ಸಾಬೀತು ಮಾಡಬೇಕೆಂದೂ ಹೇಳಿ ಕಾಲ್ ಮುಗಿಸಿದರು.

ಕೆಳಗೆ ಗೋದಾಮಿಗೆ ಹೋದೆ. ಕಾಕಾ ರ್ಯಾಕ್‌ಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದರು.

"ಕಾಕಾ, ನಿಮ್ಮ ಕಡೆ ತಪ್ಪಿಲ್ಲರಿ. ನಾನು ನೋಡೀನಿ. ನೀವು ಕಳಿಸಿದಾಗ ಅದಕ್ಕ ಐದು ವರ್ಷ ಆಗಿದ್ದಿಲ್ಲ."

"ನನಗ ಗೊತ್ತದ ತಂಗಿ, ಪೆಟ್ಟಿಗಿ ಮ್ಯಾಲ ತಾರೀಖ ಅದ ಅಲ್ಲ! ಛಲೋ ಮಾಲು ಯಾಕ ಕೆಡಿಸಬೇಕಂತ ಕಳಿಸ್ತಿದ್ದೆ. ಕೆಲಸ ಹೋದ್ರ ಹೋಗ್ಲಿ, ಎರಡ ವರ್ಷಕ್ಕ ಹ್ಯಾಂಗೂ ಹೋಗ್ತದ. ಆದ್ರ ಇಷ್ಟ ವರ್ಷ ಕೀಲಿಕೈ ಇಟಗೊಂಡವಗ ಕಳ್ಳ ಅಂತ ಹೆಸರಿಟ್ಟು ಕಳಿಸಿದ್ರ ಊರಾಗ ಹ್ಯಾಂಗ್ ಮಾರಿ ತೋರಸಲಿ?"

ಕುಚೋದ್ಯದ ಮನುಷ್ಯ ಕುಚೋದ್ಯ ಬಿಟ್ಟು ಮಾತಾಡಿದರೆ ಕೇಳುವವರಿಗೆ ಕಷ್ಟ. ನಾನು ಮೇಲೆ ಬಂದೆ.

ಕನ್ಸಲ್ಟಂಟ್ ಮುಂದೆ ಇಡಲು ನನ್ನದೇ ಒಂದು ಕ್ವೆರಿ ಬರೆದೆ. ವರ್ಷ ಎಣಿಸುವುದರಲ್ಲೇ ತಕರಾರು ತಾನೆ? ದಿನ ಎಣಿಸೋಣ, ಬಂದ ದಿನಗಳನ್ನು ಮುನ್ನೂರ ಅರವತ್ತೈದರಿಂದ ಭಾಗಿಸೋಣ ಎಂದು ಹೊರಟೆ. ಲಾಟಿನ ವಯಸ್ಸು ನಾಲ್ಕು ಚಿಲ್ಲರೆ ಎಂದು ಸರಿಯಾಗಿಯೇ ಬಂತು. ಖುಷಿಯಾಯಿತು. ಆ ಖುಷಿ ಕಾಲ್ ಶುರುವಾಗುವವರೆಗೆ ಉಳಿಯಿತು.

ಕನ್ಸಲ್ಟಂಟ್ ತೀರ ಮೃದುವಾಗಿ ಮಾತಾಡುವ ಹೆಂಗಸು. ನನ್ನ ಕ್ವೆರಿಗೆ ತಾವೇ ಎರಡು ದಿನಾಂಕ ಕೊಟ್ಟರು. ಅಚ್ಚಿನ ದಿನ, ಮತ್ತು ಐದು ವರ್ಷ ತುಂಬುವುದಕ್ಕೆ ಒಂದು ದಿನ ಮುಂಚಿನ ದಿನ. ಉತ್ತರ ನಾಲ್ಕು ಚಿಲ್ಲರೆ ಬರಬೇಕಿತ್ತು. ಪೂರ್ತಿ ಐದು ಎಂದು ಬಂತು.

"ನಡುವೆ ಫೆಬ್ರುವರಿ ಇಪ್ಪತ್ತೊಂಬತ್ತು ಬಂದಿದೆ. ಐದು ವರ್ಷದಲ್ಲಿ ಒಂದೋ ಎರಡೋ ಬಂದೇ ಬರುತ್ತವೆ. ನಿಮ್ಮ ಲೆಕ್ಕಕ್ಕೆ ಅದು ಗೊತ್ತಿಲ್ಲ," ಎಂದರು.

"ಅಂದರೆ ಮ್ಯಾಡಮ್‌ರ ಲೆಕ್ಕವೂ ತಪ್ಪು," ಎಂದು ಸಾಹೇಬರು ಗಡಿಯಾರದ ಮುಂದೆ ಕೂತು ನಕ್ಕರು. "ಎಲ್ಲರದೂ ತಪ್ಪಾದರೆ ಹಳೆಯದೇ ಇರಲಿ. ವಿಚಾರಣೆಗೆ ಐದು ಎಂಬ ವರದಿಯೇ ಬರಲಿ."

ಅವಮಾನವಾಯಿತು. ಆಗಲಿಲ್ಲ ಎಂದು ಸುಳ್ಳು ಯಾಕೆ ಹೇಳಲಿ? ಮನೆಗೆ ಬಂದು ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆದೆ. ಗಂಡ "ಯಾಕ ಮೈಮ್ಯಾಲ ಎಳಕೊಳ್ತಿ? ಬರೀ ಒಂದ್ ಸಹಿ," ಎಂದರು. ಅವರ ಮೇಲೂ ರೇಗಿದೆ. ಮುನ್ನೂರ ಅರವತ್ತೈದೂಕಾಲಿನಿಂದ ಭಾಗಿಸಿದರೆ ಹೇಗೆ ಎಂದು ನೋಡಿದೆ. ಅದು ಒಂದು ಲಾಟಿಗೆ ಸರಿಹೋದರೆ ಇನ್ನೊಂದಕ್ಕೆ ಸರಿಹೋಗಲಿಲ್ಲ. ಮುಂದಿನ ಕೆಲವು ದಿನ ಹೀಗೇ ತೇಪೆ ಹಚ್ಚುವುದರಲ್ಲೇ ಹೋದವು. ವರ್ಷ ಕಳೆದೆ, ತಿಂಗಳು ಕಳೆದೆ, ತಿಂಗಳಲ್ಲಿ ಮತ್ತೆ ದಿನ ಹೋಲಿಸಿದೆ. ಕ್ವೆರಿ ಉದ್ದವಾಗುತ್ತ ಹೋಯಿತು, ನನಗೇ ಓದಲಾಗದಷ್ಟು.

ಒಂದು ಬೆಳಿಗ್ಗೆ ಚಹಾಕ್ಕೆ ಹಾಲಿನ ಪ್ಯಾಕೆಟ್ ಕತ್ತರಿಸುತ್ತಿದ್ದೆ. ಅದರ ಮೇಲೆ ಎಂದಿನ ಹಾಗೆ ದಿನಾಂಕ ಒತ್ತಿತ್ತು. ಈ ಹಾಲಿಗೆ ಎಷ್ಟು ವಯಸ್ಸು ಎಂದು ಯಾರೂ ಒತ್ತುವುದಿಲ್ಲ, ಯಾವತ್ತಿನವರೆಗೆ ಬಳಸಬಹುದು ಎಂದು ಒತ್ತುತ್ತಾರೆ. ಕತ್ತರಿ ಕೈಯಲ್ಲೇ ಇತ್ತು, ನಾನು ನನಗೇ ಬೈದುಕೊಂಡೆ. ಇಷ್ಟು ದಿನ ರಬ್ಬರಿನ ವಯಸ್ಸು ಎಷ್ಟು ಎಂದು ಕೇಳುತ್ತಿದ್ದೆ. ನಿಯಮಕ್ಕೆ ವಯಸ್ಸೇ ಬೇಕಿಲ್ಲ! ಒಂದು ದಿನಾಂಕದಿಂದ ಇನ್ನೊಂದನ್ನು ಕಳೆಯುವುದರಿಂದಲೇ ಈ ರಾದ್ಧಾಂತ. ಕಳೆಯುವುದನ್ನು ಬಿಟ್ಟು ಕೂಡಿಸಿದರೆ ಆಯಿತು.

ಅಚ್ಚಿನ ದಿನಕ್ಕೆ ಐದು ವರ್ಷ ಕೂಡಿಸು. ಒಂದು ಕಡೆಯ ದಿನಾಂಕ ಸಿಗುತ್ತದೆ. ಬಿಲ್ ಆಗುವ ದಿನ ಅದಕ್ಕಿಂತ ಹಿಂದಿದ್ದರೆ ಸರಕು ಹೋಗಲಿ, ಇಲ್ಲವಾದರೆ ಬೀಗ. ಅಷ್ಟೇ. ಭಾಗಾಕಾರ ಇಲ್ಲ, ಚಿಲ್ಲರೆ ಇಲ್ಲ, ನಡುವೆ ಎಷ್ಟು ಜನವರಿ ಬಂದವು ಎಂಬ ಗೊಡವೆ ಇಲ್ಲ. ಕೂಡಿಸುವ ಫಂಕ್ಷನ್ ಎರಡೂ ಡೇಟಾಬೇಸ್‌ಗಳಲ್ಲಿ ಇದೆ. ಹೆಸರು ಬೇರೆ, ಉತ್ತರ ಒಂದೇ. ಫೆಬ್ರುವರಿ ಇಪ್ಪತ್ತೊಂಬತ್ತರ ಲಾಟು ಕೊಟ್ಟು ನೋಡಿದೆ. ಐದು ವರ್ಷದ ನಂತರ ಆ ದಿನವೇ ಇಲ್ಲವಾದ್ದರಿಂದ ಎರಡೂ ಇಪ್ಪತ್ತೆಂಟು ಎಂದವು. ಬ್ರೇಕಿನ ವಿಷಯದಲ್ಲಿ ಒಂದು ದಿನ ಬಿಗಿಯಾದರೆ ನಷ್ಟವಿಲ್ಲ ಎಂದು ಹಾಗೇ ಬಿಟ್ಟೆ. ಕ್ವೆರಿ ನಾಲ್ಕು ಸಾಲಿಗೆ ಇಳಿಯಿತು.

ಎರಡೂ ಗೋದಾಮಿನ ಮೇಲೆ ಓಡಿಸಿದೆ. ಆ ಲಾಟು ಸಂಭಾಜಿನಗರ ಬಿಟ್ಟಾಗ ಕಡೆಯ ದಿನಾಂಕಕ್ಕೆ ಹನ್ನೊಂದು ತಿಂಗಳು ಬಾಕಿ ಇತ್ತು. ನಾಶಿಕ್‌ನಲ್ಲಿ ವ್ಯಾನಿಗೆ ಬಿಲ್ ಆದಾಗ ಕಡೆಯ ದಿನಾಂಕ ಕಳೆದು ಹತ್ತು ತಿಂಗಳಾಗಿತ್ತು. ಇದನ್ನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು ಅದರ ಕೆಳಗೆ ಬಂತು. ದಿನಾಂಕ ಕಳೆದರೂ ಬೀಗ ಬೀಳದ ಇನ್ನೂ ಎಷ್ಟೋ ಲಾಟುಗಳು ನಾಶಿಕ್‌ನ ರ್ಯಾಕ್‌ಗಳಲ್ಲಿ ಕೂತಿದ್ದವು. ಅವುಗಳಲ್ಲಿ ಹೆಚ್ಚಿನವು ನಮ್ಮ ಊರಿನ ಗಾಳಿಯನ್ನೇ ಕಂಡಿರಲಿಲ್ಲ. ಅಚ್ಚಿನ ಕಾರ್ಖಾನೆಯಿಂದ ನೇರ ನಾಶಿಕ್‌ಗೆ ಇಳಿದವು. ಸ್ನಾನವೇ ಪಾಪವಾಗಿದ್ದರೆ ಸ್ನಾನ ಮಾಡದ ಇವು ಹೇಗೆ ಕೆಟ್ಟವು?

ಪರದೆಯನ್ನು ಮಾತ್ರ ನಂಬಿ ಒಮ್ಮೆ ಪೆಟ್ಟು ತಿಂದಿದ್ದೆ. ನಾಶಿಕ್ ಗೋದಾಮಿನ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಕುಂದಾಪುರ ಕಡೆಯವರು, ಅಣ್ಣ ಅಲ್ಲೇ ಹೋಟೆಲ್ ಇಟ್ಟಿದ್ದಾರೆ. ಪೆಟ್ಟಿಗೆಗಳ ಮೇಲಿನ ಅಚ್ಚಿನ ದಿನಾಂಕ ಓದಿ ಹೇಳಿ ಎಂದೆ.

"ನನ್ನನ್ನು ಎಂತಕ್ಕೆ ಎಳೀತೀರಿ ಮಾರಾಯ್ರೆ? ಸಾಹೇಬ್ರು ಯಾರ ಹತ್ರವೂ ಮಾತಾಡ್ಬೇಡ ಅಂದಿದ್ದಾರೆ. ನಂಗೂ ಹೆಂಡ್ತಿ ಮಕ್ಕಳು ಉಂಟು."

"ಶಾಲಿ ವ್ಯಾನಿನಾಗ ಕೂಡೋವು ಯಾರ ಮಕ್ಕಳ್ರಿ?" ಎಂದೆ.

ಅತ್ತ ಕಡೆಯಿಂದ ಏಣಿ ಎಳೆಯುವ ಸದ್ದು ಬಂತು. ಒಂದೊಂದೇ ಲಾಟಿನ ದಿನಾಂಕ ಓದಿ ಹೇಳಿದರು. ಎಲ್ಲವೂ ಡೇಟಾಬೇಸಿನಲ್ಲಿ ಇದ್ದ ಹಾಗೆಯೇ ಇದ್ದವು.

ಸಾಹೇಬರಿಗೆ ಪಟ್ಟಿ ಕಳಿಸಿ, ನಾಶಿಕ್‌ನ ಹಳೆಯ ಸರಕನ್ನು ಈಗಲೇ ತಡೆಯಬೇಕು ಎಂದು ಬರೆದೆ. ಉತ್ತರ ಬಂತು: ವಿಚಾರಣೆ ಮುಗಿಯಲಿ, ಸರಕಿನ ವಿಷಯ ಆಮೇಲೆ. ನನಗೆ ಅರ್ಥವಾಯಿತು. ವಿಚಾರಣೆಗೆ ಮೊದಲು ಅಲ್ಲಿನ ಸರಕಿಗೆ ಬೀಗ ಬಿದ್ದರೆ ತಪ್ಪು ನಾಶಿಕ್‌ನದು ಎಂದು ಒಪ್ಪಿದ ಹಾಗೆ. ಬೀಳದಿದ್ದರೆ, ಅಷ್ಟರಲ್ಲಿ ಆ ಪೆಟ್ಟಿಗೆಗಳು ಒಂದೊಂದಾಗಿ ಮಾರಾಟವಾಗಿ ಹೋಗುತ್ತವೆ. ಆಮೇಲೆ ತೋರಿಸಲು ನನ್ನ ಹತ್ತಿರ ಏನೂ ಇರುವುದಿಲ್ಲ, ಕಾಕಾನ ಲಾಟು ಒಂದನ್ನು ಬಿಟ್ಟು.

ದಾಖಲೆಯಲ್ಲಿ ತಪ್ಪು ಕಂಡಾಗ ಸರಕನ್ನು ತಡೆಹಿಡಿಯುವ ಅಧಿಕಾರ ನನ್ನ ಲಾಗಿನ್‌ಗೆ ಇತ್ತು. ಯಾರೂ ಹೀಗೆ ಬಳಸಿರಲಿಲ್ಲ, ಅಷ್ಟೇ. ಮರುದಿನ ಬೆಳಿಗ್ಗೆ, ನಾಶಿಕ್‌ನಲ್ಲಿ ಗಾಡಿ ತುಂಬಲು ಶುರುವಾಗುವ ಮೊದಲು, ಕಡೆಯ ದಿನಾಂಕ ಕಳೆದ ಪ್ರತಿಯೊಂದು ಲಾಟಿಗೂ ತಡೆ ಹಾಕಿದೆ. ಕಾರಣ ಬರೆಯುವ ಜಾಗದಲ್ಲಿ ಐದು ವರ್ಷ ತುಂಬಿದೆ ಎಂದು ಬರೆದೆ. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಗುಂಡಿ ಒತ್ತಿದೆ.

ಅರ್ಧ ಗಂಟೆಯಲ್ಲಿ ಫೋನು ಶುರುವಾಯಿತು. ಗಾಡಿಗಳು ನಿಂತಿವೆ, ಗಿರಾಕಿಗಳು ಕೂಗಾಡುತ್ತಿದ್ದಾರೆ, ಯಾರ ಅಪ್ಪಣೆಯ ಮೇಲೆ ಮಾಡಿದಿರಿ?

"ಗೋಡೆಯ ಮೇಲೆ ಬರೆದಿರುವ ನಿಯಮದ ಅಪ್ಪಣೆ ಸರ್. ಒಂದೇ ಒಂದು ಲಾಟು ಐದು ವರ್ಷದ ಒಳಗಿನದು ಅಂತ ತೋರಿಸಿ, ಅದರ ತಡೆ ಈಗಲೇ ತೆಗೆಯುತ್ತೇನೆ."

ತೋರಿಸಲಿಲ್ಲ. ವಿಚಾರಣೆಗೆ ಕಾಕಾನ ಜೊತೆ ನೀವೂ ಬನ್ನಿ, ನಿಮ್ಮದೂ ಅಲ್ಲೇ ತೀರ್ಮಾನವಾಗಲಿ ಎಂದರು.

ದಸರೆಯ ಮೇಲೆ ಒಂದು ದಿನ ನಾವಿಬ್ಬರೂ ಎಸ್‌ಟಿ ಬಸ್ಸು ಹತ್ತಿದೆವು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಯೇವಲಾದಲ್ಲಿ ಬಸ್ಸು ನಿಂತಾಗ ಪೈಠಣಿ ಸೀರೆಯ ಬೋರ್ಡುಗಳನ್ನು ನೋಡಿ, "ನಿಮ್ಮ ಕಾಕೂಗ ಒಂದ್ ಕೊಡಸ್ತೀನಂತ ಲಗ್ನಾದಾಗಿಂದ ಹೇಳ್ಕೋತ ಬಂದೀನಿ. ಅದರ ವಯಸ್ಸ ನಿನ್ನ ಕಂಪ್ಯೂಟರಿಗೂ ಹತ್ತಾಂಗಿಲ್ಲ," ಎಂದರು. ನಕ್ಕೆವು. ಇಷ್ಟು ವರ್ಷ ಲಾರಿಗಟ್ಟಲೆ ಪೆಟ್ಟಿಗೆ ನಾಶಿಕ್‌ಗೆ ಕಳಿಸಿದ ಮನುಷ್ಯ ನಾಶಿಕ್ ನೋಡುತ್ತಿದ್ದುದು ಅದೇ ಮೊದಲು ಎಂದು ಅಲ್ಲಿ ಇಳಿದಾಗ ಗೊತ್ತಾಯಿತು.

ವಿಚಾರಣೆ ಸಾಹೇಬರ ಕೋಣೆಯಲ್ಲೇ. ಸೂಪರ್‌ವೈಸರ್ ಬಾಗಿಲ ಬಳಿ ನಿಂತಿದ್ದರು. ಕನ್ಸಲ್ಟಂಟ್ ಪರದೆಯ ಮೇಲೆ. ಹಿತ್ತಾಳೆಯ ಗಡಿಯಾರ ಕಪಾಟಿನ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು.

ಸಾಹೇಬರು ಫೋನ್ ತೆಗೆದು, ಕಾಕಾ ಆ ಡಿಸೆಂಬರ್‌ನಲ್ಲಿ ಸೂಪರ್‌ವೈಸರ್‌ಗೆ ಕಳಿಸಿದ್ದ ವಾಟ್ಸಾಪ್ ಸಂದೇಶ ಓದಿದರು. ಪಾಪ ತೊಳೆಯಲು ಗೋದಾವರಿಗೆ ಕಳಿಸುತ್ತಿದ್ದೇನೆ, ಚೆನ್ನಾಗಿ ಮುಳುಗಿಸಿ. "ಪಾಪ ಅಂತ ಇವರೇ ಬರೆದಿದ್ದಾರೆ. ಗೊತ್ತಿದ್ದೇ ಮಾಡಿದ್ದಾರೆ ಅನ್ನುವುದಕ್ಕೆ ಇನ್ನೇನು ಬೇಕು?"

ಆಡಿದ ತಮಾಷೆಯೇ ಕೊರಳಿಗೆ ಬಂದಾಗ ಕಾಕಾನ ಮುಖ ನೋಡಬೇಕಿತ್ತು. ನೋಡಬಾರದಿತ್ತು ಎಂದೂ ಅನ್ನಿಸುತ್ತದೆ.

"ಸ್ನಾನದ ಗಾಡಿ ಹೊರಟಿತೇ ಅಂತ ಪ್ರತಿ ವರ್ಷ ಫೋನ್ ಮಾಡಿ ಕೇಳುತ್ತಿದ್ದವರು ಯಾರು ಸರ್?" ಎಂದೆ.

"ಅದು ತಮಾಷೆ."

"ಇದೂ ತಮಾಷೆಯೇ. ಈಗ ದಿನಾಂಕ ನೋಡೋಣ."

ಅಚ್ಚಿನ ದಿನ, ಕಡೆಯ ದಿನ, ಕಾಕಾ ಕಳಿಸಿದ ದಿನ, ವ್ಯಾನಿಗೆ ಬಿಲ್ ಆದ ದಿನ. ನಾಲ್ಕನ್ನೂ ಒಂದೇ ಸಾಲಿನಲ್ಲಿ ಪರದೆಗೆ ಹಾಕಿದೆ. ಕನ್ಸಲ್ಟಂಟ್ ಆ ಕ್ವೆರಿಗೂ ತಮ್ಮ ಹಿಂದಿನ ದಿನಾಂಕಗಳನ್ನೆಲ್ಲ ಕೊಟ್ಟು ಪರೀಕ್ಷಿಸಿದರು. ಎಲ್ಲೂ ಎಡವಲಿಲ್ಲ. "ಇದು ಸರಿಯಾಗಿದೆ," ಎಂದರು.

ಸಾಹೇಬರು ಸೋಲಲಿಲ್ಲ. "ಹೊಸ ಲೆಕ್ಕ ಈಗ ಬಂದದ್ದು. ಅವತ್ತು ಕಂಪನಿ ಒಪ್ಪಿದ್ದ ಲೆಕ್ಕದಲ್ಲಿ ಐದೇ ವರ್ಷ. ಕಂಪನಿಯ ಲೆಕ್ಕ ಎಲ್ಲರಿಗೂ ಒಂದೇ."

ಈ ಮಾತಿಗೇ ನಾನು ಕಾದಿದ್ದೆ. ಸಿಬ್ಬಂದಿಯ ಪುಟದಲ್ಲಿ ಎಲ್ಲರೂ ಕೆಲಸಕ್ಕೆ ಸೇರಿದ ದಿನಾಂಕ ಎಲ್ಲರಿಗೂ ಕಾಣುತ್ತದೆ.

"ಸರ್, ನೀವು ಸೇರಿದ್ದು ಡಿಸೆಂಬರ್‌ನಲ್ಲಿ. ಆ ಗಡಿಯಾರಕ್ಕೆ ಹೆಸರು ಆರಿಸಿದ್ದೂ ಇದೇ ಡೇಟ್‌ಡಿಫ್. ಜನವರಿಯಲ್ಲಿ ನಿಮಗೆ ಹತ್ತು ವರ್ಷ ಅಂದಿತು. ನಿಜವಾಗಿ ಒಂಬತ್ತು ವರ್ಷ ಒಂದು ತಿಂಗಳಾಗಿತ್ತು. ಇವತ್ತಿಗೂ ನಿಮಗೆ ಹತ್ತು ತುಂಬಿಲ್ಲ, ಬರುವ ಡಿಸೆಂಬರ್‌ಗೆ ತುಂಬುತ್ತದೆ. ಆ ಲೆಕ್ಕ ತಪ್ಪಾದರೆ ಗಡಿಯಾರ ವಾಪಸ್ ಕೊಡಿ. ಸರಿ ಅಂತೀರಾದರೆ ಇವರನ್ನು ಮನೆಗೆ ಕಳಿಸಿ."

ಕನ್ಸಲ್ಟಂಟ್ ಪರದೆಯಲ್ಲಿ ತಲೆ ತಗ್ಗಿಸಿದರು. ನಗು ತಡೆಯುತ್ತಿದ್ದರೋ ಏನೋ. ಬಾಗಿಲ ಬಳಿಯಿಂದ ಸೂಪರ್‌ವೈಸರ್, ತೊದಲುತ್ತಲೇ, "ಸರ್, ತಡೆ ಬಿದ್ದ ಪೆಟ್ಟಿಗೆ ಹೆಚ್ಚಿನದ್ದು ಸಂಭಾಜಿನಗರದಿಂದ ಬಂದದ್ದಲ್ಲ. ನಾನೇ ಕಾರ್ಖಾನೆಯಿಂದ ಇಳಿಸಿಕೊಂಡದ್ದು," ಎಂದು ಮುರುಕು ಮರಾಠಿಯಲ್ಲಿ ಹೇಳಿದರು. ಅವರಿಗೆ ಅಷ್ಟು ಹೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು.

ಸಾಹೇಬರು ಬಹಳ ಹೊತ್ತು ಕಾಗದಗಳನ್ನು ಸರಿಸಿದರು. ಕೊನೆಗೆ, ಕೆಲಸದಿಂದ ತೆಗೆಯುವ ಮಾತು ಬಿಡೋಣ, ಒಂದು ಎಚ್ಚರಿಕೆ ಬರೆದುಕೊಡುತ್ತೇವೆ, ಅಲ್ಲಿಗೆ ಮುಗಿಸೋಣ ಎಂದರು. ನಾನು ಕಾಕಾನ ಕಡೆ ನೋಡಿದೆ. ಒಪ್ಪಿಕೊಂಡುಬಿಡುತ್ತಾರೆ ಎಂದುಕೊಂಡೆ. ನನಗೂ ಸಾಕಾಗಿತ್ತು.

ಕಾಕಾ ಎದ್ದು ನಿಂತು ಹಿಂದಿಯಲ್ಲಿ ಹೇಳಿದರು, "ತಪ್ಪು ಮಾಡಿದ್ದರೆ ತೆಗೆದುಹಾಕಿ ಸಾಹೇಬ್. ಮಾಡಿಲ್ಲ ಅಂದರೆ ಎಚ್ಚರಿಕೆ ಯಾಕೆ?" ಮತ್ತೆ ಕೂರಲಿಲ್ಲ.

ನೋಟಿಸ್ ವಾಪಸ್ ಪಡೆಯಲಾಗಿದೆ ಎಂಬ ಕಾಗದ ಟೈಪಾಗಿ ಬರುವವರೆಗೆ ಹಾಗೇ ನಿಂತಿದ್ದರು. ನಾಶಿಕ್‌ನ ತಡೆ ಹಾಗೇ ಉಳಿಯಿತು, ಮಾರಿದ್ದ ಹಳೆಯ ಕಿಟ್‌ಗಳನ್ನು ವಾಪಸ್ ತರಿಸುವ ಕೆಲಸ ಸೂಪರ್‌ವೈಸರ್‌ನ ಪಾಲಿಗೆ ಬಂತು. ಎರಡೂ ಊರಿಗೆ ಈಗ ನಾಲ್ಕು ಸಾಲಿನ ಒಂದೇ ಕ್ವೆರಿ. ನನಗೆ ಆ ವರ್ಷ ಬಡ್ತಿ ಬರಬೇಕಿತ್ತು, ಬರಲಿಲ್ಲ. ಕ್ಷಮೆ ಯಾರೂ ಕೇಳಲಿಲ್ಲ. ಗಡಿಯಾರವೂ ಕಪಾಟಿನ ಮೇಲೇ ಇದೆ.

ಹೊರಗೆ ಬಂದಾಗ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾಶಿಕ್‌ಗೆ ಬಂದು ಗೋದಾವರಿ ನೋಡದೆ ಹೋಗುವುದೇ ಎಂದು ರಿಕ್ಷಾ ಮಾಡಿಕೊಂಡು ಪಂಚವಟಿಗೆ, ರಾಮಕುಂಡಕ್ಕೆ ಹೋದೆವು. ಮೆಟ್ಟಿಲುಗಳ ಮೇಲೆ ಜನವೋ ಜನ. ಮುಳುಗುವವರು, ಏಳುವವರು, ಒದ್ದೆ ಬಟ್ಟೆ ಹಿಂಡುವವರು. ಕಾಕಾ ಕೊನೆಯ ಮೆಟ್ಟಿಲವರೆಗೆ ಇಳಿದು ನೀರನ್ನು ನೋಡುತ್ತ ನಿಂತರು. ಪುರೋಹಿತರೊಬ್ಬರು ಬಂದು, ಸ್ನಾನ ಮಾಡಿ, ಪಾಪವೆಲ್ಲ ಹೋಗುತ್ತದೆ ಎಂದರು.

"ಮುಳುಗ್ರಿ ಕಾಕಾ," ಎಂದೆ ನಾನೂ, ಚೇಷ್ಟೆಗೆ. "ಇಷ್ಟ ವರ್ಷ ಪೆಟ್ಟಿಗಿ ಕಳಿಸೀರಿ, ಇವತ್ತ ನೀವೇ ಬಂದೀರಿ. ಸಣ್ಣವರಾಗಿ ಎದ್ದು ಬರ್ರಿ."

ಕಾಕಾ ಬಿಳಿ ಅಂಗಿಯ ಕಾಲರ್ ಸರಿಮಾಡಿಕೊಂಡರು. ನಗಲಿಲ್ಲ.

"ನಾ ಯಾಕ ಮುಳುಗ್ಲಿ ತಂಗಿ? ತೊಳಕೊಳ್ಳೋದು ಏನ್ ಅದ ನನ್ನ ಕಡೆ?"

ಪುರೋಹಿತರಿಗೆ ಕೈ ಮುಗಿದು, ಕಾಲನ್ನೂ ಒದ್ದೆ ಮಾಡಿಕೊಳ್ಳದೆ ಮೆಟ್ಟಿಲು ಹತ್ತಿ ಬಂದರು.